‘ಶನಿವಾರ ರಾತ್ರಿ ಮುಂಬಯಿಯಲ್ಲಿ ಯಾವ ಕ್ಲಬ್ಬಿಗೆ ಹೋಗೋಣ?’ ಎಂದು ಕೇಳುವವರಿಗೆ

ಊರಿನಿಂದ ಬರುವವರ ಮೆಸೇಜು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: ‘ಅಣ್ಣಾ, ನಾವು ನಾಲ್ಕು ಜನ ಹುಡುಗರು. ಶನಿವಾರ ಮುಂಬಯಿಯಲ್ಲಿ ಇರ್ತೇವೆ. ಒಳ್ಳೇ ಕ್ಲಬ್ ಯಾವುದು ಹೇಳಿ.’

ಹೆಸರು ಹೇಳಿ ಹೆಚ್ಚು ಪ್ರಯೋಜನವಿಲ್ಲ. ಇಲ್ಲಿನ ಕ್ಲಬ್ಬುಗಳ ಆಯುಸ್ಸು ಕಡಿಮೆ. ದೇಶದ ಬ್ಯಾಂಡುಗಳೆಲ್ಲ ನುಡಿಸಬೇಕೆಂದು ಹಂಬಲಿಸುತ್ತಿದ್ದ ಬ್ಲೂ ಫ್ರಾಗ್ 2007ರಲ್ಲಿ ಲೋವರ್ ಪರೇಲಿನ ಹಳೇ ಬಟ್ಟೆ ಗಿರಣಿ ಮಥುರಾದಾಸ್ ಮಿಲ್ಲಿನೊಳಗೆ ಶುರುವಾಯಿತು, 2016ರಲ್ಲಿ ಬಾಗಿಲು ಹಾಕಿತು. ಅಷ್ಟು ದೊಡ್ಡ ಹೆಸರಿನ ಗತಿಯೇ ಹೀಗಾದರೆ ಮಿಕ್ಕವುಗಳ ಪಾಡು ಕೇಳಬೇಡಿ. ಬೋರ್ಡು ಬದಲಾಗುತ್ತದೆ, ಮಾಲೀಕರು ಬದಲಾಗುತ್ತಾರೆ, ಒಳಗಿನ ಲೈಟು ಮಾತ್ರ ಅದೇ. ಹಾಗಾಗಿ ನಾವು ತಿರುಗಿ ಮೂರು ಪ್ರಶ್ನೆ ಕೇಳುತ್ತೇವೆ. ಮಲಗುವುದು ಎಲ್ಲಿ? ಜೊತೆಯಲ್ಲಿ ಯಾರ್‍ಯಾರು? ಎಷ್ಟು ಗಂಟೆಗೆ ಹೊರಡುತ್ತೀರಿ? ಇವಕ್ಕೆ ಉತ್ತರ ಸಿಕ್ಕರೆ ಕ್ಲಬ್ಬು ತಾನಾಗಿ ಗೊತ್ತಾಗುತ್ತದೆ.

ಮೊದಲು ಗಡಿಯಾರ. ‘ಮುಂಬಯಿ ಮಲಗುವುದೇ ಇಲ್ಲ’ ಎನ್ನುವುದನ್ನು ನಂಬಿ ರಾತ್ರಿ ಹನ್ನೆರಡಕ್ಕೆ ಸ್ನಾನ ಮಾಡಿ ಹೊರಡುವವರಿದ್ದಾರೆ. ಹೋಟೆಲುಗಳೂ ಮಾಲುಗಳೂ ರಾತ್ರಿಯಿಡೀ ತೆರೆದಿರಬಹುದು ಎಂಬ ‘ಮುಂಬಯಿ 24 ತಾಸು’ ಯೋಜನೆ ಜನವರಿ 2020ರಲ್ಲಿ ಜಾರಿಯಾದಾಗಲೂ ಮದ್ಯಕ್ಕೆ ಆ ಸಲುಗೆ ಸಿಗಲಿಲ್ಲ. ಸಾಮಾನ್ಯ ಬಾರು, ಪಬ್ಬು, ಕ್ಲಬ್ಬುಗಳಿಗೆ ರಾತ್ರಿ 1.30ಕ್ಕೆ ಮುಕ್ತಾಯ. ದೊಡ್ಡ ಸ್ಟಾರ್ ಹೋಟೆಲುಗಳೊಳಗಿನವು ಅದಕ್ಕಿಂತ ತಡವಾಗಿ ನಡೆಯುತ್ತವೆ, ದರವೂ ಅದಕ್ಕೆ ತಕ್ಕಂತೆ. 1.30 ಎಂದರೆ ಕೊನೆಯ ಆರ್ಡರ್ ಒಂದರ ಆಸುಪಾಸು, ಲೈಟು ಹಾಕುವುದು ಒಂದೂ ಕಾಲಿಗೆ. ಹನ್ನೆರಡಕ್ಕೆ ಹೊರಟವನಿಗೆ ಸಿಗುವುದು ಸಾಲಿನಲ್ಲಿ ನಿಂತ ಪುಣ್ಯ ಮಾತ್ರ.

ಇನ್ನೊಂದು ಗಂಟೆ ಹತ್ತು. ತಾರಸಿಯ ಮೇಲೆ, ಸಮುದ್ರ ಕಾಣುವ ಕಡೆ ಕುಣಿಯಬೇಕು ಎನ್ನುವವರಿಗೆ ಇದು ಗೊತ್ತಿರುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ, ಮುಚ್ಚಿದ ಕೋಣೆಯೊಳಗೆ ಅಡ್ಡಿಯಿಲ್ಲ. ಹಾಗಾಗಿ ತಾರಸಿ ಜಾಗಗಳಿಗೆ ಸಂಜೆ ಏಳಕ್ಕೆ ಹೋಗಿ. ಕುಣಿಯುವುದಿದ್ದರೆ ಹತ್ತರ ಮೇಲೆ ಕಿಟಕಿಯಿಲ್ಲದ ಕೋಣೆ ಹುಡುಕಿ.

ಇನ್ನು ಬಾಗಿಲು. ನಾಲ್ಕು ಹುಡುಗರ ತಂಡ ಒದ್ದಾಡುವುದು ಇಲ್ಲೇ. ಎದುರಿಗೆ ಕಪ್ಪು ಬಟ್ಟೆಯ ಇಬ್ಬರು ಬೌನ್ಸರುಗಳು, ಪಕ್ಕದಲ್ಲಿ ಟ್ಯಾಬ್ ಹಿಡಿದ ಹುಡುಗಿ. ಅವಳು ನೋಡುವುದು ಮೂರೇ: ಹೆಸರು ಗೆಸ್ಟ್‌ಲಿಸ್ಟಿನಲ್ಲಿದೆಯೇ, ಜೊತೆಯಲ್ಲಿ ಹೆಣ್ಣುಮಕ್ಕಳಿದ್ದಾರೆಯೇ, ಕಾಲಲ್ಲಿ ಏನಿದೆ. ಹೆಣ್ಣುಮಕ್ಕಳಿಲ್ಲದ ಗಂಡಸರ ಗುಂಪಿಗೆ ‘ಸ್ಟ್ಯಾಗ್’ ಎನ್ನುತ್ತಾರೆ. ಶನಿವಾರ ಬಹುಪಾಲು ಬಾಲಿವುಡ್–ಪಂಜಾಬಿ ಹಾಡಿನ ಕ್ಲಬ್ಬುಗಳು ಸ್ಟ್ಯಾಗ್‌ಗಳನ್ನು ಒಳಗೆ ಬಿಡುವುದಿಲ್ಲ, ಬಿಟ್ಟರೆ ತಲೆಗೆ ಎರಡು–ಮೂರು ಸಾವಿರ ‘ಕವರ್’ (ಬಾಗಿಲಲ್ಲೇ ಕೊಡುವ ಹಣ) ಕೇಳುತ್ತವೆ. ವಾದ ಮಾಡಿ ಲಾಭವಿಲ್ಲ. ‘ಮ್ಯಾನೇಜರ್ ಊರಿನವರು, ಪರಿಚಯ’ ಎಂಬ ಮಾತನ್ನು ಬೌನ್ಸರು ದಿನಕ್ಕೆ ಹತ್ತಾರು ಸಲ ಕೇಳಿರುತ್ತಾನೆ. ಅದರಲ್ಲಿ ಅರ್ಧ ನಿಜವೂ ಇರುತ್ತದೆ, ಆದರೂ ಬಾಗಿಲು ತೆಗೆಯುವುದಿಲ್ಲ. ಚಪ್ಪಲಿ, ಚಡ್ಡಿ ಬೇಡ. ಮುಂಬಯಿಯ ಮಳೆಗಾಲದಲ್ಲೂ ಶೂ ಹಾಕಿ.

ಸ್ಟ್ಯಾಗ್ ಸಮಸ್ಯೆಗೆ ಸುಲಭದ ದಾರಿ ಒಂದಿದೆ: ಟಿಕೆಟ್ ಇಟ್ಟ ಕಾರ್ಯಕ್ರಮಕ್ಕೆ ಹೋಗಿ. ಇಂಥ ಡಿಜೆ, ಇಂಥ ಬ್ಯಾಂಡು ಎಂದು ಹೆಸರು ಹಾಕಿ ಆ್ಯಪಿನಲ್ಲಿ ಟಿಕೆಟ್ ಮಾರುವ ಕಡೆ ಸಾಮಾನ್ಯವಾಗಿ ಗಂಡು–ಹೆಣ್ಣಿನ ಲೆಕ್ಕ ಕೇಳುವುದಿಲ್ಲ. ಲೋವರ್ ಪರೇಲಿನ ಆಂಟಿಸೋಶಿಯಲ್, ಬಾಂದ್ರಾದ ಬೊನೊಬೊ ಹೆಸರು ಮಾಡಿದ್ದು ಇಂಥ ರಾತ್ರಿಗಳಿಂದ. ಟೆಕ್ನೊ, ಹಿಪ್‌ಹಾಪ್, ಇಂಡಿ ಬ್ಯಾಂಡು ಯಾವುದಾದರೂ ಸರಿ; ಅಲ್ಲಿ ಜನ ಹಾಡಿಗಾಗಿ ಬಂದಿರುತ್ತಾರೆ, ಪಕ್ಕದವರು ಯಾರು ಎಂದು ನೋಡುವ ಪುರುಸೊತ್ತಿರುವುದಿಲ್ಲ. ಸೆಪ್ಟೆಂಬರ್ 6, 2018ರಂದು ಸುಪ್ರೀಂ ಕೋರ್ಟು 377ನೇ ಕಲಮಿನ ಬಗ್ಗೆ ತೀರ್ಪು ಕೊಟ್ಟು ಸಲಿಂಗ ಸಂಬಂಧ ಅಪರಾಧವಲ್ಲ ಎಂದ ಮೇಲೆ ಸಲಿಂಗಿ, ಟ್ರಾನ್ಸ್ ಸಮುದಾಯದವರ ಪಾರ್ಟಿಗಳೂ ಬಾಯಿಮಾತಿನ ಗುಟ್ಟಾಗಿ ಉಳಿಯದೆ ಟಿಕೆಟ್ ಆ್ಯಪಿಗೆ ಬಂದಿವೆ. ಅಲ್ಲಿಗೆ ಹೋಗುವುದಿದ್ದರೆ ಒಂದೇ ನಿಯಮ: ಯಾರ ಮುಖವನ್ನೂ ಮೊಬೈಲಿನಲ್ಲಿ ಹಿಡಿಯಬೇಡಿ. ಮನೆಯಲ್ಲಿ ಇನ್ನೂ ಹೇಳಿಕೊಳ್ಳದವರು ಅಲ್ಲಿರುತ್ತಾರೆ.

ಕವರ್ ಕೊಟ್ಟರೆ ‘ಫುಲ್ ಕವರ್ ಅಥವಾ ಬರೀ ಎಂಟ್ರಿಯೇ?’ ಎಂದು ಬಾಗಿಲಲ್ಲೇ ಕೇಳಿ. ಫುಲ್ ಕವರ್ ಎಂದರೆ ಕೊಟ್ಟ ಹಣಕ್ಕೆ ಒಳಗೆ ತಿಂದು ಕುಡಿಯಬಹುದು. ಎಂಟ್ರಿ ಎಂದರೆ ಹಣ ಹೋಯಿತು ಅಂತಲೇ. ಫುಲ್ ಕವರಿನಲ್ಲಿ ಉಳಿದ ಹಣ ವಾಪಸ್ ಇಲ್ಲ, ಮರುದಿನಕ್ಕೂ ಇಲ್ಲ. ಹನ್ನೆರಡೂ ಮುಕ್ಕಾಲಿಗೆ ಎಲ್ಲರೂ ಉಳಿದ ಕವರ್ ಖಾಲಿ ಮಾಡಲು ಬಾರಿಗೆ ನುಗ್ಗುತ್ತಾರೆ, ಆಗ ಗ್ಲಾಸು ಕೈಗೆ ಬರಲು ಇಪ್ಪತ್ತು ನಿಮಿಷ ಬೇಕು. ಹನ್ನೆರಡರೊಳಗೆ ಮುಗಿಸಿಬಿಡಿ.

ವಯಸ್ಸಿನ ವಿಷಯದಲ್ಲಿ ಮಹಾರಾಷ್ಟ್ರ ಬಿಗಿ. ಬಿಯರು, ವೈನಿಗೆ 21. ವಿಸ್ಕಿ, ರಮ್, ವೋಡ್ಕಾಗೆ 25. ಇಪ್ಪತ್ತಮೂರರ ಹುಡುಗ ಒಳಗೆ ಹೋದರೂ ಕಾನೂನಿನ ಲೆಕ್ಕದಲ್ಲಿ ಅವನಿಗೆ ಬಿಯರೇ ಗತಿ. 2024ರ ಮೇ ತಿಂಗಳಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಹದಿನೇಳರ ಹುಡುಗ ಪಬ್ಬಿನಿಂದ ಹೊರಟು ಪೋರ್ಷೆ ಕಾರು ಓಡಿಸಿ ಇಬ್ಬರು ಎಂಜಿನಿಯರುಗಳು ಸತ್ತ ಮೇಲೆ ಬಾಗಿಲಲ್ಲಿ ಐಡಿ ನೋಡುವುದು ಜೋರಾಗಿದೆ. ಮೂಲ ಐಡಿ ಅಥವಾ ಡಿಜಿಲಾಕರ್ ಇರಲಿ, ಗ್ಯಾಲರಿಯಲ್ಲಿಟ್ಟ ಫೋಟೊ ನಡೆಯುವುದಿಲ್ಲ. ಇದಲ್ಲದೆ ಕುಡಿಯಲು ಪರ್ಮಿಟ್ ಬೇಕು ಎಂಬ 1949ರ ಪಾನನಿಷೇಧ ಕಾಯ್ದೆಯ ಪಳೆಯುಳಿಕೆ ಈಗಲೂ ಜೀವಂತ: ಒಂದು ದಿನಕ್ಕೆ 5 ರೂಪಾಯಿ, ವರ್ಷಕ್ಕೆ 100, ಜೀವಮಾನಕ್ಕೆ 1000. ಬಿಲ್ಲಿನ ಮೂಲೆಯಲ್ಲಿ 5 ರೂಪಾಯಿ ಕಂಡರೆ ಹೋಟೆಲಿನವನ ಮೋಸವೆಂದು ಜಗಳವಾಡಬೇಡಿ.

ಆ ಕಾಯ್ದೆಯಿಂದಲೇ ಹುಟ್ಟಿದ್ದು ‘ಪರ್ಮಿಟ್ ರೂಮ್’, ಅಂದರೆ ಕುಡಿಸಲು ಪರವಾನಗಿ ಇರುವ ಬಾರು. ಕನ್ನಡಿಗರಾಗಿ ನೀವು ಒಂದು ರಾತ್ರಿಯಾದರೂ ನೋಡಲೇಬೇಕಾದ ಜಾಗ ಇದು ಎನ್ನುವುದು ನಮ್ಮ ಪಕ್ಕಾ ಅಭಿಪ್ರಾಯ. ಕಾರ್ಕಳ, ಉಡುಪಿ, ಕುಂದಾಪುರ ಕಡೆಯ ಶೆಟ್ಟರು ಇಡ್ಲಿ–ವಡೆಯ ಹೋಟೆಲಿನಿಂದ ಶುರುಮಾಡಿ ಈ ಊರಿನ ಕುಡಿತದ ವ್ಯವಹಾರದ ದೊಡ್ಡ ಪಾಲು ಕೈಗೆ ತೆಗೆದುಕೊಂಡರು. ಇಲ್ಲಿನ ಹೋಟೆಲ್–ಬಾರ್ ಮಾಲೀಕರ ಸಂಘ ‘ಆಹಾರ್’ನ ಪದಾಧಿಕಾರಿಗಳ ಪಟ್ಟಿ ನೋಡಿದರೆ ಬಂಟರ ಸಮಾವೇಶದ ಕರೆಯೋಲೆ ಓದಿದಂತಿರುತ್ತದೆ. 2005ರಲ್ಲಿ ಸರ್ಕಾರ ಡಾನ್ಸ್ ಬಾರುಗಳನ್ನು ನಿಷೇಧಿಸಿದಾಗ ಕೋರ್ಟು ಮೆಟ್ಟಿಲೇರಿದವರಲ್ಲೂ ಈ ಸಂಘ ಇತ್ತು. ಬಾಂಬೆ ಹೈಕೋರ್ಟು 2006ರಲ್ಲಿ ನಿಷೇಧ ರದ್ದುಮಾಡಿತು, ಸುಪ್ರೀಂ ಕೋರ್ಟು 2013ರಲ್ಲಿ ಅದನ್ನು ಎತ್ತಿಹಿಡಿಯಿತು. ಸರ್ಕಾರ ಮತ್ತೆ ಕಾನೂನು ತಂದಿತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದರ ಹಲವು ಷರತ್ತುಗಳನ್ನು ತೆಗೆದುಹಾಕಿತು. ಇವತ್ತು ಹಾಡುಗಾರರನ್ನಿಟ್ಟು ನಡೆಸುವ ‘ಆರ್ಕೆಸ್ಟ್ರಾ ಬಾರ್’ ಎಂಬ ಬೋರ್ಡಿನ ಹಿಂದೆ ಇರುವ ಕಥೆ ಇದೇ. ಅಂಥ ಕಡೆಗೆ ಹೊಸಬರು ಹೋಗಬೇಡಿ. ಬಿಲ್ಲಿಗೆ ತಲೆಬುಡ ಇರುವುದಿಲ್ಲ. ಸಾದಾ ಪರ್ಮಿಟ್ ರೂಮಿಗೆ ಹೋಗಿ. ಎಸಿ ಒಳಗೆ, ನಾನ್–ಎಸಿ ಹೊರಗೆ, ಟಿವಿಯಲ್ಲಿ ಕ್ರಿಕೆಟ್ಟು, ತಟ್ಟೆಯಲ್ಲಿ ಉಚಿತ ಶೇಂಗಾ. ಕ್ಲಬ್ಬಿನಲ್ಲಿ ಒಂದು ಕಾಕ್‌ಟೇಲಿಗೆ ಕೊಡುವ ದುಡ್ಡಿಗೆ ಇಲ್ಲಿ ಕ್ವಾರ್ಟರ್ ಬಂದೀತು. ‘ಯಾವೂರು ಮಾರಾಯ್ರೆ?’ ಎಂದು ವೇಟರಿಗೆ ಕೇಳಿ ನೋಡಿ, ಮೆನುವಿನಲ್ಲಿಲ್ಲದ ಬಂಗುಡೆ ಗಸಿ ಬಂದರೂ ಬರಬಹುದು. ಕ್ಲಬ್ಬಿಗೆ ಹೋಗುವ ಮೊದಲು ಹೊಟ್ಟೆ ತುಂಬಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಹೊಟ್ಟೆ ತುಂಬಿರಬೇಕಾದ್ದಕ್ಕೆ ಕಾರಣ ಇದೆ. ನಮ್ಮ ದೇಶದ ವಿಸ್ಕಿ–ರಮ್ಮು 42.8 ಶೇಕಡಾ. 30 ಮಿ.ಲೀ.ನ ಒಂದು ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್, ಅದನ್ನು ಕರಗಿಸಲು ದೇಹಕ್ಕೆ ಹೆಚ್ಚುಕಡಿಮೆ ಒಂದು ತಾಸು. ಈಗ ಕ್ಲಬ್ಬುಗಳಲ್ಲಿ ಹುಡುಗರ ಅಚ್ಚುಮೆಚ್ಚಿನ ಲಾಂಗ್ ಐಲೆಂಡ್ ಐಸ್ಡ್ ಟೀ ಅಥವಾ ‘ಎಲ್‌ಐಐಟಿ’ಯನ್ನು ನೋಡಿ. ವೋಡ್ಕಾ, ಜಿನ್, ಬಿಳಿ ರಮ್, ಟಕೀಲಾ, ಟ್ರಿಪಲ್ ಸೆಕ್ ಐದನ್ನೂ 15 ಮಿ.ಲೀ.ನಂತೆ ಸುರಿದು ಕೋಲಾ ಹಾಕಿರುತ್ತಾರೆ. 75 ಮಿ.ಲೀ. ಎಂದರೆ ಎರಡೂವರೆ ಸಣ್ಣ ಪೆಗ್ಗು, ರುಚಿ ಮಾತ್ರ ತಂಪು ಪಾನೀಯದ್ದು. ಅರ್ಧ ತಾಸಿಗೊಂದರಂತೆ ಎರಡು ಗ್ಲಾಸು ಇಳಿಸಿದವನು ಹನ್ನೊಂದಕ್ಕೆ ಚೆನ್ನಾಗಿಯೇ ಇರುತ್ತಾನೆ, ಹನ್ನೊಂದೂ ಮುಕ್ಕಾಲಿಗೆ ಗೋಡೆ ಹಿಡಿಯುತ್ತಾನೆ. ಗಾಡಿ ಓಡಿಸುವ ಮಾತಂತೂ ಬೇಡ: 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು. ವಾರಾಂತ್ಯದಲ್ಲಿ ಪೊಲೀಸರ ನಾಕಾಬಂದಿ ಇದ್ದೇ ಇರುತ್ತದೆ. ಯಾರ ಗ್ಲಾಸೂ ಕಣ್ಣಿಗೆ ಮರೆಯಾಗಬಾರದು. ಶೌಚಕ್ಕೆ ಹೋಗಿ ಬಂದ ಮೇಲೆ ಮೇಜಿನ ಮೇಲಿದ್ದ ಹಳೆಯ ಗ್ಲಾಸು ಎಷ್ಟೇ ದುಬಾರಿಯಿರಲಿ, ಬಿಟ್ಟುಬಿಡಿ.

ಬಿಲ್ಲು ಹೀಗೆ ಬೆಳೆಯುತ್ತದೆ. ತಲಾ 800ರ ಎರಡು ಡ್ರಿಂಕು, 700ರ ತಿಂಡಿ, ಒಟ್ಟು 2300 ಎಂದುಕೊಳ್ಳಿ. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಆದರೆ ಬಾರಿನಲ್ಲಿ ಬಡಿಸಿದ್ದಕ್ಕೆ ನವೆಂಬರ್ 2023ರಿಂದ ಶೇ. 10 ವ್ಯಾಟ್, ಅದು 160. ತಿಂಡಿಗೆ ಶೇ. 5 ಜಿಎಸ್‌ಟಿ, 35. ಅಲ್ಲಿಗೆ 2495. ಇದಲ್ಲದೆ ಮೂಲ 2300ರ ಶೇ. 10 ‘ಸರ್ವಿಸ್ ಚಾರ್ಜ್’ ಎಂದು ಇನ್ನೊಂದು 230 ಹಾಕಿರುತ್ತಾರೆ. ಇದು ಕಡ್ಡಾಯವಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ, ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನೇ ಎತ್ತಿಹಿಡಿದಿದೆ. ಮೆಲ್ಲಗೆ ‘ಇದನ್ನು ತೆಗೆಯಿರಿ’ ಎಂದರೆ ಸಾಕು, ಹೆಚ್ಚಿನವರು ತೆಗೆಯುತ್ತಾರೆ. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಚೆನ್ನಾಗಿ ನೋಡಿಕೊಂಡ ವೇಟರಿಗೆ ನೂರಿನ್ನೂರು ಕೈಗೇ ಕೊಡಿ.

ಒಳಗೆ ಕಾಲಿಟ್ಟ ಮೊದಲ ಐದು ನಿಮಿಷದಲ್ಲಿ ಮಾಡಬೇಕಾದ ಕೆಲಸ ಒಂದಿದೆ, ಯಾರೂ ಮಾಡುವುದಿಲ್ಲ. ಬಂದ ಬಾಗಿಲಲ್ಲದೆ ಇನ್ನೊಂದು ಬಾಗಿಲು ಎಲ್ಲಿದೆ ನೋಡಿ. ಅಲ್ಲಿಯವರೆಗೆ ನಡೆದು ಹೋಗಿ, ಅದಕ್ಕೆ ಬೀಗ ಬಿದ್ದಿದೆಯೇ, ಮುಂದೆ ಬಿಯರ್ ಕ್ರೇಟು ಪೇರಿಸಿದ್ದಾರೆಯೇ ಗಮನಿಸಿ. 2017ರ ಡಿಸೆಂಬರ್ 29ರ ನಡುರಾತ್ರಿ ಕಮಲಾ ಮಿಲ್ಸ್ ಆವರಣದ ತಾರಸಿ ರೆಸ್ಟುರಾಂಟುಗಳಿಗೆ ಬೆಂಕಿ ಬಿದ್ದು 14 ಜನ ಸತ್ತರು. ಹಲವರು ಸುಟ್ಟು ಸತ್ತವರಲ್ಲ. ದಾರಿ ಕಾಣದೆ ಶೌಚಾಲಯಕ್ಕೆ ಹೊಕ್ಕು, ಹೊಗೆಗೆ ಉಸಿರುಗಟ್ಟಿ ಹೋದವರು. ತಾರಸಿಗೆ ಹಾಕಿದ್ದ ಚಪ್ಪರ ಕೆಲವೇ ನಿಮಿಷಗಳಲ್ಲಿ ಹತ್ತಿಕೊಂಡಿತ್ತು. ಬಿದಿರು, ಬಟ್ಟೆ, ಪ್ಲಾಸ್ಟಿಕ್ ಹೂವಿನ ಅಲಂಕಾರದ ಕೆಳಗೆ ಒಂದೇ ಕಿರಿದಾದ ಮೆಟ್ಟಿಲು ಇದ್ದರೆ, ಎಷ್ಟೇ ಚಂದ ಇರಲಿ, ಹೊರಬನ್ನಿ. ಬೆಂಕಿ ಎಂದು ಕೂಗು ಕೇಳಿದರೆ ಬ್ಯಾಗು, ಬಿಲ್ಲು ಬಿಟ್ಟು ಬಗ್ಗಿ ನಡೆಯಿರಿ, ಶೌಚಾಲಯದ ಕಡೆಗೆ ಮಾತ್ರ ಹೋಗಬೇಡಿ.

ಕಿವಿಯ ಬಗ್ಗೆ ಎರಡು ಮಾತು. ಸ್ಪೀಕರಿನ ಎದುರು 100 ಡೆಸಿಬಲ್ ದಾಟುವುದು ಮಾಮೂಲು, ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಜಾಗಗಳಿಗೆ ಹಾಕಿದ ಮೇಲ್ಮಿತಿಯೇ 100. ಮೆಡಿಕಲ್ ಶಾಪಿನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಹಾಕಿಕೊಂಡರೂ ಬೇಸ್ ಎದೆಗೆ ತಟ್ಟುತ್ತಲೇ ಇರುತ್ತದೆ, ಮರುದಿನ ಕಿವಿಯಲ್ಲಿ ಗುಂಯ್ ಎನ್ನುವುದು ತಪ್ಪುತ್ತದೆ.

ವಾಪಸಾತಿಯೇ ಇಡೀ ರಾತ್ರಿಯ ಲೆಕ್ಕ, ಮಲಗುವ ಜಾಗ ಕೇಳಿದ್ದು ಇದಕ್ಕೇ. ಚರ್ಚ್‌ಗೇಟಿನಿಂದ ಬೊರಿವಲಿ ಕಡೆಯ ಕೊನೆಯ ಲೋಕಲ್ ಒಂದು ಗಂಟೆಯ ಹೊತ್ತಿಗೆ, ಸಿಎಸ್‌ಎಂಟಿಯಿಂದ (ಹಳೇ ವಿ.ಟಿ. ಸ್ಟೇಷನ್) ಹನ್ನೆರಡೂವರೆಯ ಆಸುಪಾಸು. ಮುಂದಿನದು ಬೆಳಗಿನ ನಾಲ್ಕರ ಮೇಲೆ. ಪಶ್ಚಿಮ ಲೈನಿನ ಆ ಕೊನೆಯ ಗಾಡಿ ಲೋವರ್ ಪರೇಲಿಗೆ ಬರುವುದು ಒಂದೂ ಕಾಲಿಗೆ. ಅದನ್ನು ಹಿಡಿಯಬೇಕಾದರೆ ಒಂದಕ್ಕೆ ಮೊದಲೇ ಕ್ಲಬ್ಬು ಬಿಡಬೇಕು. ರಾತ್ರಿ ಹೊತ್ತು ಮಹಿಳಾ ಡಬ್ಬಿಯಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಇರುತ್ತಾರೆ. ಹೆಣ್ಣುಮಕ್ಕಳ ತಂಡಕ್ಕೆ ಎಷ್ಟೋ ಸಲ ಕ್ಯಾಬಿಗಿಂತ ಇದೇ ನೆಮ್ಮದಿ. ಏನೇ ಆದರೂ ತುರ್ತು ಸಂಖ್ಯೆ 112. ಲೋಕಲ್ ತಪ್ಪಿದರೆ 1.30ಕ್ಕೆ ಎಲ್ಲ ಕ್ಲಬ್ಬೂ ಒಟ್ಟಿಗೆ ಖಾಲಿಯಾಗಿ ಆ್ಯಪಿನ ದರ ದುಪ್ಪಟ್ಟಾಗುತ್ತದೆ. ಮಿಲ್ ಆವರಣದ ಒಳಗೆ ಕ್ಯಾಬ್ ಕರೆದರೆ ಅದು ಗೇಟಿನಲ್ಲೇ ಸಿಕ್ಕಿಕೊಳ್ಳುತ್ತದೆ. ಸೇನಾಪತಿ ಬಾಪಟ್ ರಸ್ತೆಗೆ ನಡೆದು ಬಂದು ಅಲ್ಲಿ ಕರೆಯಿರಿ. ಕಾಲಿ–ಪೀಲಿ (ಕಪ್ಪು–ಹಳದಿ ಟ್ಯಾಕ್ಸಿ) ಸಿಕ್ಕರೆ ಮೀಟರ್ ಹಾಕಿಸಿ. ಫೆಬ್ರುವರಿ 2025ರ ದರದಲ್ಲಿ ಮೊದಲ ಒಂದೂವರೆ ಕಿ.ಮೀ.ಗೆ 31, ಆಮೇಲೆ ಕಿ.ಮೀ.ಗೆ 20.66, ನಡುರಾತ್ರಿಯಿಂದ ಐದರವರೆಗೆ ಶೇ. 25 ಹೆಚ್ಚು, 18 ಕಿ.ಮೀ.ಗೆ ಸುಮಾರು 465. ‘ಒಂದು ಸಾವಿರ’ ಎಂದವನ ಜೊತೆ ಚೌಕಾಸಿಗೆ ಈ ಲೆಕ್ಕ ಸಾಕು. ಆಟೋ ಮಾಹಿಮ್–ಸಾಯನ್‌ನ ದಕ್ಷಿಣಕ್ಕೆ ಇಲ್ಲವೇ ಇಲ್ಲ. ಹಾಗಾಗಿ ಅಂಧೇರಿಯಲ್ಲಿ ಮಲಗುವವರಿಗೆ ಬಾಂದ್ರಾ–ಖಾರ್, ಕೋಟೆಯ (ಫೋರ್ಟ್) ಕಡೆ ಉಳಿದವರಿಗೆ ಕೊಲಾಬಾ. ನವಿ ಮುಂಬಯಿಯಲ್ಲಿ ಅಕ್ಕನ ಮನೆಯಲ್ಲಿ ಉಳಿದುಕೊಂಡು ಲೋವರ್ ಪರೇಲಿಗೆ ಹೋಗಬೇಕೆನ್ನುವವರು ಮೊದಲು ಅಕ್ಕನನ್ನು ಕೇಳಿ.

ಹಸಿವಾದರೆ, ಕೊಲಾಬಾದಲ್ಲಿ ತಾಜ್ ಹೋಟೆಲಿನ ಹಿಂದಿನ ಬಡೇಮಿಯಾದಲ್ಲಿ ಕಬಾಬ್. ಉಳಿದ ಕಡೆ ಸ್ಟೇಷನ್ ಹೊರಗಿನ ಗಾಡಿಯ ಬುರ್ಜಿ–ಪಾವ್. ಬೆಳಗಿನವರೆಗೂ ಎಳೆದವರು ಮಾಟುಂಗಾ ಸ್ಟೇಷನ್ನಿನ ಬಳಿಯ ರಾಮಾಶ್ರಯಕ್ಕೆ ಬನ್ನಿ. ಐದರ ಹೊತ್ತಿಗೇ ಬಾಗಿಲು ತೆಗೆಯುತ್ತದೆ, ಉಪ್ಪಿಟ್ಟು–ಕಾಫಿಗೆ ಕನ್ನಡದಲ್ಲೇ ಹೇಳಬಹುದು.

ರೈಲಿನ ಟಿಕೆಟ್ ಮಾಡುವ ಮೊದಲು ಕ್ಯಾಲೆಂಡರ್ ನೋಡಿ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಎಲ್ಲರಿಗೂ ಗೊತ್ತು; ಇಲ್ಲಿ ಆಷಾಢ ಏಕಾದಶಿ, ಅನಂತ ಚತುರ್ದಶಿಯೂ ಡ್ರೈ ಡೇ (ಮದ್ಯ ಮಾರದ ದಿನ) ಪಟ್ಟಿಯಲ್ಲಿರುತ್ತವೆ. ಚುನಾವಣೆಯಿದ್ದರೆ ಮತದಾನ ಮುಗಿಯುವ ಮುಂಚಿನ 48 ತಾಸೂ ಬಂದ್.