ಮಿಸ್, ನೀವು ಬ್ರೋಕರ್ ಆಗಿದ್ದೇಕೆ?

ತುಮಕೂರಿನಲ್ಲಿ ನನ್ನನ್ನು ಬಲ್ಲವರಲ್ಲಿ ಅರ್ಧ ಜನಕ್ಕೆ ನಾನು ಗಣಿತದ ಮಿಸ್, ಇನ್ನರ್ಧ ಜನಕ್ಕೆ ಸೈಟು, ಮನೆ ತೋರಿಸುವ ಮೇಡಂ. ಮೊದಲಿನವರಿಗೆ ಎರಡನೆಯ ಸುದ್ದಿ ತಿಳಿದ ತಕ್ಷಣ ಬರುವ ಪ್ರಶ್ನೆ ಒಂದೇ: ‘ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವರು ನೀವು, ಬ್ರೋಕರ್ ಆಗಿದ್ದೇಕೆ?’ ಬಸ್ಸಿನಲ್ಲಿ ಕೇಳುತ್ತಾರೆ, ಮದುವೆಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ. ದನಿಯಲ್ಲಿ ಮರುಕ ಇರುತ್ತದೆ. ಆ ಮರುಕ ಸಹಿಸಲಾರದ ನಮ್ಮ ಅತ್ತಿಗೆ ನನ್ನ ಪರವಾಗಿ ತಾವೇ ಉತ್ತರ ಕೊಟ್ಟುಬಿಡುತ್ತಾರೆ: ‘ಅವಳದು ಬರೀ ಬ್ರೋಕರ್ ಕೆಲಸವಲ್ಲ, ಒಂದು ರೀತಿಯ ಸಮಾಜಸೇವೆ.’

ಅತ್ತಿಗೆಯ ಮಾತನ್ನು ಮೊದಲು ತಿದ್ದುತ್ತೇನೆ. ನನ್ನದು ವ್ಯಾಪಾರ. ಕಮಿಷನ್ ತೆಗೆದುಕೊಳ್ಳುತ್ತೇನೆ, ರಸೀದಿ ಕೊಡುತ್ತೇನೆ, ಅದರಲ್ಲಿ ಮನೆ ನಡೆಯುತ್ತದೆ. ಸೇವೆ ಎಂದುಬಿಟ್ಟರೆ ದುಡ್ಡು ಕೇಳುವಾಗ ನನ್ನ ನಾಲಿಗೆ ತಡವರಿಸುತ್ತದೆ, ಕೊಡಬೇಕಾದವರಿಗೂ ಕೊಡದಿರಲು ನೆಪ ಸಿಗುತ್ತದೆ.

ಶಾಲೆ ಬಿಡಲು ಕಾರಣವೂ ದುಡ್ಡೇ. 2020ರಲ್ಲಿ ಶಾಲೆಗಳು ಮುಚ್ಚಿದಾಗ ನಾನಿದ್ದ ಖಾಸಗಿ ಶಾಲೆ ಮೊದಲು ಅರ್ಧ ಸಂಬಳ ಕೊಟ್ಟಿತು, ಆಮೇಲೆ ‘ಮಕ್ಕಳ ಶುಲ್ಕ ಬಂದ ಮೇಲೆ ನೋಡೋಣ’ ಎಂದಿತು. ಇದು ನನ್ನೊಬ್ಬಳ ಕಥೆಯಲ್ಲ. ಆ ವರ್ಷ ನಾಡಿನ ಎಷ್ಟೋ ಖಾಸಗಿ ಶಾಲೆಗಳ ಶಿಕ್ಷಕರು ತರಕಾರಿ ಮಾರಿದರು, ನರೇಗಾ ಕೂಲಿಗೆ ಹೋದರು. ಆದರೆ ದುಡ್ಡಿಲ್ಲ ಎಂದ ಮಾತ್ರಕ್ಕೆ ಯಾರೂ ಸೈಟು ವ್ಯಾಪಾರಕ್ಕೇ ಇಳಿಯಬೇಕೆಂದಿಲ್ಲವಲ್ಲ. ನನ್ನನ್ನು ಇತ್ತ ಎಳೆದು ತಂದದ್ದು ಕಾಗದಗಳು.

ಮನೆಯಲ್ಲಿ ಕೂತಿದ್ದ ಆ ದಿನಗಳಲ್ಲಿ ಮಕ್ಕಳ ತಂದೆತಾಯಿ ಪ್ಲಾಸ್ಟಿಕ್ ಚೀಲದಲ್ಲಿ ದಾಖಲೆ ಹಿಡಿದು ಬರುತ್ತಿದ್ದರು. ‘ಮಿಸ್, ಇದನ್ನು ಸ್ವಲ್ಪ ಓದಿ ಹೇಳಿ.’ ಪಹಣಿ, ಮ್ಯುಟೇಷನ್, ಯಾವುದೋ ಕಾಲದ ಕೈಬರಹದ ಕ್ರಯಪತ್ರ. ಓದು ಬಾರದವರೇ ಬರುತ್ತಿದ್ದರೆಂದಲ್ಲ. ಡಿಗ್ರಿ ಮುಗಿಸಿದವರೂ ‘ಸದರಿ ಷೆಡ್ಯೂಲ್ ಸ್ವತ್ತು’ ಎಂಬಲ್ಲಿಗೆ ಬಂದು ನಿಂತುಬಿಡುತ್ತಿದ್ದರು. ನನಗೋ ಅದು ಲೆಕ್ಕದ ಪುಸ್ತಕದಷ್ಟೇ ಸಲೀಸಾಯಿತು. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ, ಗುಂಟೆಯೆಂದರೆ 1,089 ಚದರಡಿ. ಅಣ್ಣತಮ್ಮಂದಿರ ಭಾಗಗಳನ್ನು ಕೂಡಿದರೆ ಒಟ್ಟು ಜಮೀನಿಗಿಂತ ಮೂರು ಗುಂಟೆ ಹೆಚ್ಚು ಬರುತ್ತಿದೆ ಎಂದಾದರೆ ಎಲ್ಲೋ ಯಾರದೋ ಭಾಗ ಎರಡು ಸಲ ಮಾರಾಟವಾಗಿದೆ. ಪಹಣಿ ಕೈಗೆ ಬಂದರೆ ಎಲ್ಲರ ಕಣ್ಣೂ ಒಡೆಯನ ಹೆಸರಿರುವ 9ನೇ ಕಲಂಗೆ ಹೋಗುತ್ತದೆ. ಸಾಲ, ಇತರರ ಹಕ್ಕು, ನ್ಯಾಯಾಲಯದ ಆದೇಶ ಇವೆಲ್ಲ ಕೂತಿರುವುದು 11ನೇ ಕಲಂನಲ್ಲಿ. ಅಲ್ಲಿ ಬೆರಳಿಟ್ಟು ತೋರಿಸಿದಾಗ ಆ ಮುಖಗಳಲ್ಲಿ ಮೂಡುತ್ತಿದ್ದುದನ್ನು ನಾನು ತರಗತಿಯಲ್ಲೂ ಅಷ್ಟಾಗಿ ಕಂಡಿರಲಿಲ್ಲ. ಹೀಗೆ ಓದಿಸಿಕೊಂಡು ಹೋದವರೊಬ್ಬರು ಕೆಲವು ವಾರಗಳ ನಂತರ ಬಂದು, ‘ಮಿಸ್, ನೀವೇ ಒಂದು ಒಳ್ಳೆಯ ಸೈಟು ನೋಡಿಕೊಡಿ, ಬ್ರೋಕರ್‌ಗೆ ಕೊಡುವುದನ್ನು ನಿಮಗೆ ಕೊಡುತ್ತೇವೆ’ ಎಂದರು. ಕೊಟ್ಟರು ಕೂಡ.

ನಮ್ಮೂರಿನಲ್ಲಿ ಸೈಟಿನ ಜ್ವರ ಹೊಸದಲ್ಲ. ಬೆಂಗಳೂರು 70 ಕಿಲೋಮೀಟರ್. ಅತ್ತ ವಸಂತನರಸಾಪುರದ ಕೈಗಾರಿಕಾ ಪ್ರದೇಶ, ಇತ್ತ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ. ಕಾರ್ಖಾನೆ ಬರುತ್ತದೆ ಎಂಬ ಸುದ್ದಿಗೇ ಹೊಲಗಳಲ್ಲಿ ಬಿಳಿ ಕಲ್ಲು ನೆಟ್ಟು, ಬಣ್ಣದ ಬಾವುಟ ಕಟ್ಟಿಬಿಡುತ್ತಾರೆ. ಕಟ್ಟುವವರು ಹೊರಗಿನವರು ಇರಬಹುದು, ಆದರೆ ಮಾರುವವರು, ಕೊಳ್ಳುವವರು, ಬಾಡಿಗೆಗೆ ಬರುವವರು ಎಲ್ಲ ನಾನು ನಾಳೆ ಮತ್ತೆ ಮುಖ ನೋಡಬೇಕಾದವರೇ. ಊರಿನ ಒಳಿತಿಗೂ ನನ್ನ ಗಳಿಕೆಗೂ ಜಗಳವಿಲ್ಲ ಎಂದು ನಾನು ನಂಬುತ್ತೇನೆ. ಈ ನಂಬಿಕೆ ಗಟ್ಟಿಯಾದದ್ದು ಹೆಣ್ಣುಮಕ್ಕಳ ಸಹಿಯ ವಿಷಯದಲ್ಲಿ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಕೊರಟಗೆರೆ ದಾರಿಯಲ್ಲಿ ಎರಡು ಎಕರೆ ಚಿಲ್ಲರೆ ಪಿತ್ರಾರ್ಜಿತ ಜಮೀನು. ಮೂವರು ಅಣ್ಣತಮ್ಮಂದಿರು ಮಾರಲು ಒಪ್ಪಿದ್ದರು. ವಂಶವೃಕ್ಷದಲ್ಲಿ ಇದ್ದದ್ದೂ ಮೂರೇ ಹೆಸರು. ‘ಹೆಣ್ಣುಮಕ್ಕಳು ಇಲ್ಲವೇ ಯಜಮಾನರೇ?’ ಎಂದೆ. ‘ಒಬ್ಬಳಿದ್ದಾಳೆ, ಪಾವಗಡದ ಕಡೆ ಕೊಟ್ಟಿದ್ದೇವೆ. ಅವಳದೇನೂ ತಕರಾರಿಲ್ಲ ತಾಯಿ, ಕರೆದರೆ ಬಂದು ಸಹಿ ಹಾಕಿ ಹೋಗುತ್ತಾಳೆ.’ ಹಕ್ಕು ಬಿಡುಗಡೆ ಪತ್ರ ಆಗಲೇ ಟೈಪಾಗಿತ್ತು. ಕುಟುಂಬದೊಳಗಿನ ಬಿಡುಗಡೆಗೆ ಮುದ್ರಾಂಕ ಶುಲ್ಕವೂ ಕಡಿಮೆ, ಹಾಗಾಗಿ ಕೆಲಸ ಸಲೀಸು.

ಆಕೆ ಬಂದರು. ಕೈಯಲ್ಲಿ ಅಣ್ಣನ ಮಕ್ಕಳಿಗೆಂದು ತಂದ ಕಡಲೆಕಾಯಿ ಚೀಲ. ನನ್ನ ಕಚೇರಿಯಲ್ಲಿ ಒಂದು ನಿಯಮವಿದೆ: ಸಹಿ ಹಾಕುವ ಪ್ರತಿಯೊಬ್ಬರಿಗೂ ಪತ್ರವನ್ನು ಪೂರ್ತಿ, ಗಟ್ಟಿಯಾಗಿ, ಎಲ್ಲರ ಎದುರಿಗೇ ಓದಿ ಹೇಳುವುದು. ತರಗತಿಯ ಹಿಂದಿನ ಬೆಂಚಿಗೆ ಕೇಳುವಂತೆ ಓದಿ ಅಭ್ಯಾಸವಿದೆ ನನಗೆ. ‘ಯಾವುದೇ ಪ್ರತಿಫಲ ಪಡೆಯದೆ, ಪ್ರೀತಿ ವಿಶ್ವಾಸದಿಂದ, ನನ್ನ ಸರ್ವ ಹಕ್ಕನ್ನೂ ಬಿಟ್ಟುಕೊಟ್ಟಿರುತ್ತೇನೆ’ ಎಂಬಲ್ಲಿಗೆ ಬಂದಾಗ ಆಕೆ ದೊಡ್ಡಣ್ಣನ ಕಡೆ ತಿರುಗಿ ಕೇಳಿದ್ದು ಇಷ್ಟೇ: ‘ಅಪ್ಪನ ಹೆಸರಿನಿಂದ ಖಾತೆ ಬದಲಾಯಿಸುವುದಕ್ಕೆ ಅಂದಿದ್ದಿರಲ್ಲ ಅಣ್ಣ?’ ಯಾರೂ ಮಾತಾಡಲಿಲ್ಲ. ಚಿಕ್ಕವನು ಎದ್ದು ಹೊರಗೆ ಹೋದ.

ಆ ದಿನ ಸಹಿ ಆಗಲಿಲ್ಲ. ಕೊಳ್ಳುವವರು ನನ್ನ ಮೇಲೆ ಹಾರಾಡಿದರು, ದೊಡ್ಡಣ್ಣ ಬಹಳ ದಿನ ಫೋನ್ ಎತ್ತಲಿಲ್ಲ. ಕೊನೆಗೆ ಅವರವರೇ ಕೂತು ಮಾತಾಡಿಕೊಂಡರು. ಆಕೆ ಕೇಳಿದ್ದು ಸಮಭಾಗವೇನಲ್ಲ, ಮಗಳ ನರ್ಸಿಂಗ್ ಓದು ಮುಗಿಯುವಷ್ಟು ದುಡ್ಡು. ಬಿಡುಗಡೆ ಪತ್ರ ರದ್ದಾಯಿತು; ಆಕೆಯೂ ಅಣ್ಣತಮ್ಮಂದಿರ ಜೊತೆ ಮಾರಾಟಗಾರಳಾಗಿಯೇ ಕ್ರಯಪತ್ರಕ್ಕೆ ಸಹಿ ಹಾಕಿದರು, ಚೆಕ್ ಆಕೆಯ ಹೆಸರಿಗೇ ಬಂತು.

ಇದರಲ್ಲಿ ನಾನು ಕರುಣೆ ತೋರಿಸಿದ್ದೇನೂ ಇಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತ್ತು, ಅದಕ್ಕೂ ಮೊದಲೇ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ಕೇಂದ್ರ ತಿದ್ದುಪಡಿಯಲ್ಲಿ ಆ ಭೇದವೂ ಹೋಯಿತು. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಮಾರಾಟವೋ ನೋಂದಾಯಿತ ವಿಭಾಗವೋ ಆಗಿಹೋಗಿದ್ದರೆ ಲೆಕ್ಕ ಬೇರೆ. ಹೀಗಿರುವಾಗ ವಂಶವೃಕ್ಷದಿಂದ ಒಬ್ಬ ಮಗಳನ್ನು ಬಿಟ್ಟು ಜಮೀನು ಕೊಂಡವನು ಕೊಳ್ಳುತ್ತಿರುವುದು ವಿಭಾಗದ ದಾವೆಯನ್ನು. ತಳಪಾಯ ಹಾಕಿದ ಮೇಲೆ ತಡೆಯಾಜ್ಞೆ ಬಂದು, ಕಬ್ಬಿಣ ತುಕ್ಕು ಹಿಡಿಯುತ್ತಾ ನಿಂತ ಎಷ್ಟು ಕಟ್ಟಡಗಳಿವೆ ಎಂದು ಯಾವ ಊರಿನ ವಕೀಲರನ್ನಾದರೂ ಕೇಳಿ. ಅಕ್ಕತಂಗಿಯರಿಗೆ ನ್ಯಾಯ ಸಿಕ್ಕಿದರೆ ಕೊಂಡವರಿಗೆ ನಿದ್ದೆ ಬರುತ್ತದೆ, ನಿದ್ದೆ ಬಂದವರು ನನ್ನ ಫೋನ್ ನಂಬರನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ವ್ಯಾಪಾರ ಬೆಳೆದದ್ದು ಹೀಗೆ.

ಹಾಗೆಂದು ಓದಿಸಿಕೊಂಡ ಎಲ್ಲರೂ ಪಾಲು ಕೇಳುತ್ತಾರೆಂದು ತಿಳಿಯಬೇಡಿ. ಹೆಚ್ಚಿನವರು ‘ತವರಿನ ಬಾಗಿಲು ತೆರೆದಿದ್ದರೆ ಸಾಕು’ ಎಂದು ಸಹಿ ಹಾಕಿಯೇ ಹೋಗುತ್ತಾರೆ. ನನಗೆ ಸಿಟ್ಟು ಬರುತ್ತದೆ, ಆದರೆ ಬಾಯಿ ಬಿಡುವುದಿಲ್ಲ. ತಿಳಿದು ಬಿಟ್ಟುಕೊಡುವುದು ಅವರ ಹಕ್ಕು.

ಇನ್ನು ಕಮಿಷನ್. ಈ ಕಸುಬಿನಲ್ಲಿ ‘ನೆಟ್ ರೇಟ್’ ಎಂಬ ಪದ್ಧತಿ ಇದೆ. ‘ನನಗೆ ಇಷ್ಟು ಬಂದರೆ ಸಾಕು, ಮೇಲೆ ಬಂದದ್ದು ನಿನ್ನದು’ ಎನ್ನುತ್ತಾನೆ ಮಾರುವವನು. ಕೊಳ್ಳುವವರಿಗೆ ನಿಜವಾದ ಬೆಲೆ ಗೊತ್ತಾಗುವುದೇ ಇಲ್ಲ. ನಾನು ನೆಟ್ ಮಾಡುವುದಿಲ್ಲ. ಎರಡೂ ಕಡೆ ಶೇ. 1, ಅದೂ ಇಬ್ಬರ ಎದುರಿಗೆ ಒಂದೇ ಹಾಳೆಯಲ್ಲಿ ಬರೆದದ್ದು. ಇದರಿಂದ ಕೈತಪ್ಪಿದ ವ್ಯವಹಾರಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ.

ಬಡಾವಣೆಗಳ ಸೈಟು ಮಾರಿಸಲು ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ಮಧ್ಯವರ್ತಿಯಾಗಿ ನೋಂದಾಯಿಸಿಕೊಂಡಿದ್ದೇನೆ. 2016ರ ಆ ಕಾಯ್ದೆ ಬಂದ ಮೇಲೂ ಜನ ಬಿಳಿ ಚೀಟಿಯ ಮೇಲೆ ಅರ್ಧ ದುಡ್ಡು ಕೊಟ್ಟು ಬರುವುದು ನಿಂತಿಲ್ಲ. ಮಾರಾಟದ ಕರಾರು ನೋಂದಣಿಯಾಗುವ ಮೊದಲು ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಎಂಬ ಒಂದೇ ಒಂದು ಸಾಲನ್ನು ದೊಡ್ಡಕ್ಷರದಲ್ಲಿ ಬರೆಸಿ ಕಚೇರಿಯ ಗೋಡೆಗೆ ಹಾಕಿದ್ದೇನೆ.

ಆಹಾರ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುವ ಹೆಣ್ಣುಮಗಳೊಬ್ಬಳು ಚೀಟಿ ಎತ್ತಿದ ದುಡ್ಡಿನೊಂದಿಗೆ ಬಂದಿದ್ದಳು. ಸಿರಾ ರಸ್ತೆಯ ಆಚೆ ಯಾರೋ ತೋರಿಸಿದ್ದ 20–30ರ ಕಂದಾಯ ನಿವೇಶನ. ಕೃಷಿ ಜಮೀನು ವಸತಿಗೆಂದು ಭೂಪರಿವರ್ತನೆ ಆಗಿಲ್ಲ, ನಕ್ಷೆಗೆ ಅನುಮೋದನೆ ಇಲ್ಲ, ಕ್ರಯಪತ್ರದ ಬದಲು ಜಿಪಿಎ, ಅಂದರೆ ಅಧಿಕಾರ ಪತ್ರ, ಮಾಡಿಕೊಡುತ್ತಾರಂತೆ. ಜಿಪಿಎ ಕೊಟ್ಟ ಮಾತ್ರಕ್ಕೆ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ ಎಂದೆ. ‘ಅಕ್ಕಪಕ್ಕದಲ್ಲಿ ಮನೆ ಕಟ್ಟಿದ್ದಾರಲ್ಲ ಅಕ್ಕ?’ ಎಂದಳು. ಕಟ್ಟಿದ್ದರು, ನಿಜ. ಅಕ್ರಮ ಬಡಾವಣೆಯ ಬಲವೇ ಅದು, ಪಕ್ಕದ ಮನೆ. ಬೇಡ ಎಂದು ಹೇಳಿ ಕಳಿಸುವುದು ಸುಲಭ, ಆದರೆ ಆ ದುಡ್ಡಿಗೆ ಊರೊಳಗೆ ಕಾಗದ ಸರಿಯಿರುವ ಸೈಟು ಎಲ್ಲಿದೆ? ಕೊನೆಗೆ ಅವಳಿಗೂ ಅವಳ ನಾದಿನಿಗೂ ಸೇರಿಸಿ ಕ್ಯಾತ್ಸಂದ್ರದ ಕಡೆ ಒಂದು ಹಳೆಯ ಹೆಂಚಿನ ಮನೆ ಹುಡುಕಿಕೊಟ್ಟೆ, ಜಂಟಿ ಹೆಸರಿನಲ್ಲಿ. ಎಲ್ಲರಿಗೂ ನಾದಿನಿಯ ಜೊತೆ ಇಷ್ಟು ಚೆನ್ನಾಗಿರುವುದಿಲ್ಲ, ಹಾಗಾಗಿ ಈ ಉಪಾಯ ಎಲ್ಲರಿಗೂ ನಡೆಯುವುದಿಲ್ಲ.

ಬಾಡಿಗೆ ಮನೆಗಳ ವಿಷಯ ಬಂದರೆ ನನ್ನ ತಾಳ್ಮೆ ಕೆಡುತ್ತದೆ. ಮಾಲೀಕರ ಮೊದಲ ಪ್ರಶ್ನೆ ‘ಯಾವ ಜನ?’ ಬಾಡಿಗೆ ಕಟ್ಟುತ್ತಾರೋ ಇಲ್ಲವೋ ಎಂಬುದು ಆಮೇಲೆ. ಒಂಟಿ ಹೆಣ್ಣು ಎಂದರೆ ಇನ್ನೊಂದಷ್ಟು ಪ್ರಶ್ನೆ. ನನ್ನ ನಮೂನೆಯಲ್ಲಿ ಇರುವುದು ಕೆಲಸ, ಮನೆಯಲ್ಲಿ ಎಷ್ಟು ಜನ, ಹಿಂದಿನ ಮಾಲೀಕರ ಫೋನ್ ನಂಬರ್. ಜಾತಿಗೆ ಅಲ್ಲಿ ಜಾಗವಿಲ್ಲ. ಅದನ್ನು ಕೇಳಲೇಬೇಕು ಎನ್ನುವವರ ಮನೆಯನ್ನು ನಾನು ತೋರಿಸುವುದಿಲ್ಲ. ಎಸ್.ಎಸ್. ಪುರಂನಲ್ಲಿ ಒಬ್ಬ ಹಿರಿಯರು, ‘ನಮಗೇನೂ ಇಲ್ಲಮ್ಮ, ಕೆಳಗಿನ ಮನೆಯವರು ಏನಾದರೂ ಅಂದರೆ?’ ಎಂದರು. ಇಳಿದು ಕೆಳಗಿನ ಮನೆಯವರನ್ನೇ ಕೇಳಿದೆ. ‘ನಮಗೇನಿದೆ, ಮಾಲೀಕರು ಒಪ್ಪಬೇಕಲ್ಲ’ ಎಂದರು. ಇಬ್ಬರನ್ನೂ ಮೆಟ್ಟಿಲ ಮೇಲೆ ಎದುರುಬದುರು ನಿಲ್ಲಿಸಿದ ಮೇಲೆ ಆ ಮನೆಗೆ ಒಬ್ಬ ಮುಸ್ಲಿಂ ಉಪನ್ಯಾಸಕಿ, ಅವರ ತಾಯಿ ಬಂದರು. ಪ್ರತಿ ಸಲವೂ ಹೀಗಾಗುವುದಿಲ್ಲ. ಬಾಡಿಗೆಯ ಕಡೆಯಿಂದ ನನಗೆ ಬರುವ ಆದಾಯ ಚಹಾದ ಖರ್ಚಿಗಷ್ಟೇ.

ಶನಿವಾರ ಮಧ್ಯಾಹ್ನ ಯಾರು ಬೇಕಾದರೂ ಕಾಗದ ತಂದು ಓದಿಸಿಕೊಳ್ಳಬಹುದು, ದುಡ್ಡಿಲ್ಲ. ಸ್ತ್ರೀಶಕ್ತಿ ಸಂಘಗಳವರು ಗುಂಪಾಗಿ ಬರುತ್ತಾರೆ. ಅತ್ತಿಗೆ ಸೇವೆ ಎನ್ನುವುದು ಇದನ್ನೇ. ಆದರೆ ಮುಂದಿನ ಆರು ತಿಂಗಳ ಗಿರಾಕಿಗಳೆಲ್ಲ ಆ ಶನಿವಾರದ ಬೆಂಚಿನಿಂದಲೇ ಬರುವುದು. ಬೇರೆ ಬ್ರೋಕರ್‌ಗಳು ಬ್ಯಾನರ್‌ಗೆ ಸುರಿಯುವುದನ್ನು ನಾನು ಬೆಂಚಿಗೆ ಹಾಕಿದ್ದೇನೆ.

ಶಾಲೆಗಳು ತೆರೆದ ಮೇಲೆ ನಮ್ಮ ಶಾಲೆಯಿಂದ ಕರೆ ಬಂದಿತ್ತು, ಹಳೆಯ ಸಂಬಳಕ್ಕೇ. ಹೋಗಲಿಲ್ಲ. ಬೆಳಿಗ್ಗೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಮನೆಯಲ್ಲೇ ಲೆಕ್ಕ ಹೇಳಿಕೊಡುತ್ತೇನೆ, ಹತ್ತು ಗಂಟೆಗೆ ಕಚೇರಿ ಬಾಗಿಲು ತೆಗೆಯುತ್ತೇನೆ. ಈಗ ಇನ್ನಿಬ್ಬರು ಸೇರಿಕೊಂಡಿದ್ದಾರೆ, ಇಬ್ಬರೂ ನನ್ನಂತೆಯೇ ಖಾಸಗಿ ಶಾಲೆ ಬಿಟ್ಟವರು. ಒಬ್ಬಳು ಕನ್ನಡದ ಮಿಸ್, ಹಳೆಯ ಕೈಬರಹದ ಪತ್ರಗಳನ್ನು ನನಗಿಂತ ಚೆನ್ನಾಗಿ ಓದುತ್ತಾಳೆ. ಇನ್ನೊಬ್ಬಳು ಚಿತ್ರಕಲೆ ಹೇಳುತ್ತಿದ್ದವಳು, ಸರ್ವೆ ನಕ್ಷೆ ಹಿಡಿದು ಹೊಲದಲ್ಲಿ ಬಾಂದುಕಲ್ಲು ಹುಡುಕುವುದು ಅವಳ ಪಾಲಿನ ಕೆಲಸ. ಅವಳನ್ನೂ ಈಗ ಜನ ಅದೇ ಪ್ರಶ್ನೆ ಕೇಳತೊಡಗಿದ್ದಾರೆ. ‘ಮಾರ್ಚ್ ತಿಂಗಳ ಸಂಬಳ ಮಾರ್ಚ್‌ನಲ್ಲೇ ಬರುತ್ತದೆ’ ಎಂದು ಹೇಳಿ ಮುಂದಿನ ಹೊಲಕ್ಕೆ ಹೋಗುತ್ತಾಳೆ.