ಏನ್ ಕಂಡ್ತವ್ವ ಈ ಸಲ?

ಮೈಸೂರಿನ ಹಾಸ್ಟೆಲ್‌ನಿಂದ ಊರಿಗೆ ಹೋದಾಗಲೆಲ್ಲ ಅಜ್ಜಿ ಕೇಳುತ್ತಿದ್ದುದು ಒಂದೇ ಪ್ರಶ್ನೆ. "ಏನ್ ಕಂಡ್ತವ್ವ ಈ ಸಲ?" ನಮ್ಮೂರು ನಾಗಮಂಗಲದ ಕಡೆ. ಮಳೆ ನಂಬಿಕೊಂಡ ರಾಗಿ ಹೊಲ, ಎರಡು ಹಸು, ಒಂದಷ್ಟು ತೆಂಗು. ಮೊಮ್ಮಗಳು ಲ್ಯಾಬಲ್ಲಿ ಓದ್ತಾಳೆ, ಲ್ಯಾಬ್ ಅಂದಮೇಲೆ ಕಣ್ಣಿಗೆ ಏನಾದ್ರೂ ಕಾಣಲೇಬೇಕು. ಅಜ್ಜಿಯ ಲೆಕ್ಕ ಇಷ್ಟೇ.

ನನಗೆ ಉತ್ತರ ಹೇಳಲು ಕಷ್ಟವಾಗುತ್ತಿತ್ತು. ಬಿಎಸ್ಸಿಯಲ್ಲಿ ಮಾಲಿಕ್ಯುಲರ್ ಬಯಾಲಜಿ ಓದಿದ ಯಾರನ್ನಾದರೂ ಕೇಳಿ. ನಾವು ಮಾಡುವುದು ನೀರಿನಂಥದ್ದನ್ನು ಒಂದು ಟ್ಯೂಬಿನಿಂದ ತೆಗೆದು, ನೀರಿನಂಥದ್ದೇ ಇರುವ ಇನ್ನೊಂದು ಟ್ಯೂಬಿಗೆ ಹಾಕುವುದು. ಮೂರು ವರ್ಷವೂ ಅದೇ.

ಮೊದಲ ಕೆಲವು ಪ್ರಾಕ್ಟಿಕಲ್‌ಗಳು ಮೈಕ್ರೋಪಿಪೆಟ್ ಹಿಡಿಯುವುದರಲ್ಲೇ ಹೋದವು. ಅದರ ಬಟನ್‌ಗೆ ಎರಡು ಹಂತ. ಎಳೆದುಕೊಳ್ಳುವಾಗ ಮೊದಲನೆಯ ಹಂತದವರೆಗೆ ಮಾತ್ರ ಒತ್ತಬೇಕು, ಖಾಲಿ ಮಾಡುವಾಗ ಎರಡನೆಯದರವರೆಗೆ. ನಾನು ಎರಡೂ ಸಲ ಪೂರ್ತಿ ಒತ್ತಿಬಿಡುತ್ತಿದ್ದೆ. ಒಂದು ಮೈಕ್ರೋಲೀಟರ್ ಅಂದರೆ ಒಂದು ಮಿಲಿಲೀಟರಿನಲ್ಲಿ ಸಾವಿರದ ಒಂದು ಪಾಲು. ಟಿಪ್ಪಿನ ತುದಿಯಲ್ಲಿ ಅದು ಬಂದಿದೆಯೋ ಇಲ್ಲವೋ ನೋಡಲು ಲೈಟಿನ ಕಡೆ ಎತ್ತಿ ಹಿಡಿದು ಕಣ್ಣು ಕಿರಿದು ಮಾಡಬೇಕು. ಅಭ್ಯಾಸಕ್ಕೆ ಇಂಕು ಬೆರೆಸಿದ ನೀರು ಕೊಟ್ಟಿದ್ದರು. ಆ ಬಣ್ಣದ ನೀರಿನ ದಿನಗಳು ಎಷ್ಟು ಸುಖ ಅಂತ ಆಮೇಲೆ ಗೊತ್ತಾಯಿತು.

ಬಾಳೆಹಣ್ಣಿನ ಡಿಎನ್‌ಎ ತೆಗೆದ ದಿನ ಮಾತ್ರ ನಿಜವಾಗಿಯೂ ಏನೋ ಕಂಡಿತ್ತು. ಹಣ್ಣು ಕಿವುಚಿ, ಉಪ್ಪು ಮತ್ತು ಪಾತ್ರೆ ತೊಳೆಯುವ ಸೋಪಿನ ನೀರು ಹಾಕಿ, ಸೋಸಿ, ಮೇಲೆ ತಣ್ಣಗಿನ ಆಲ್ಕೋಹಾಲ್ ನಿಧಾನಕ್ಕೆ ಇಳಿಸಿದರೆ ಎರಡರ ನಡುವೆ ಬಿಳಿ ಎಳೆಗಳು ಮೇಲೇಳುತ್ತವೆ. ಫೋನಿನಲ್ಲಿ ಫೋಟೋ ತೆಗೆದು ಅಜ್ಜಿಗೆ ತೋರಿಸಿದೆ. "ಸಿಂಬ್ಳ ಇದ್ದಂಗದೆ" ಅಂದರು. ತಪ್ಪೇನಿಲ್ಲ, ಹಾಗೇ ಇರುತ್ತದೆ.

ಎರಡನೇ ವರ್ಷದ ಜೆಲ್ ಕಥೆ ಹೇಳಲೇಬೇಕು. ಲ್ಯಾಂಬ್ಡಾ ಅನ್ನುವ ವೈರಸ್ಸಿನ ಡಿಎನ್‌ಎ, 48,502 ಅಕ್ಷರ ಉದ್ದ. (ಡಿಎನ್‌ಎಯ ಅಕ್ಷರ ಅಂದರೆ ಎ, ಟಿ, ಜಿ, ಸಿ, ನಾಲ್ಕೇ.) ಅದನ್ನು ಹಿಂಡ್-ತ್ರೀ ಎಂಬ ಎನ್‌ಜೈಮಿನಿಂದ ಕತ್ತರಿಸಿ, ಅಗರೋಸ್ ಜೆಲ್ ಎಂಬ ಜೆಲ್ಲಿಯಂಥ ಹಲಗೆಯಲ್ಲಿ ಓಡಿಸಬೇಕು. (ಹಿಂಡ್ ಅಂದರೆ ಹಿಂದೂಸ್ತಾನದಲ್ಲಿ ಕಂಡುಹಿಡಿದದ್ದು ಅಂತ ನಮ್ಮ ಬ್ಯಾಚ್‌ನಲ್ಲಿ ಅರ್ಧ ಜನ ನಂಬಿದ್ದೆವು. ಅದು ಹಿಮೋಫಿಲಸ್ ಇನ್‌ಫ್ಲುಯೆಂಜೆ ಎಂಬ ಬ್ಯಾಕ್ಟೀರಿಯಾದ ಹೆಸರಿನ ತುಂಡುಗಳು, ಅಷ್ಟೇ.) ಎಂಟು ತುಣುಕು ಬರಬೇಕು. ಡಿಎನ್‌ಎಗೆ ನೆಗೆಟಿವ್ ಚಾರ್ಜ್ ಇರುವುದರಿಂದ ಕರೆಂಟ್ ಕೊಟ್ಟರೆ ಅದು ಪಾಸಿಟಿವ್ ಕಡೆ ಹೊರಡುತ್ತದೆ. ಚಿಕ್ಕ ತುಣುಕು ಬೇಗ ಓಡುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. ದೂರ ನೋಡಿ ಉದ್ದ ಹೇಳಬಹುದು.

ಜೆಲ್‌ನ ಒಂದು ತುದಿಯ ಪುಟ್ಟ ಗುಂಡಿಗಳಿಗೆ ಕೈ ನಡುಗದಂತೆ ಸ್ಯಾಂಪಲ್ ತುಂಬಿಸಿದೆ. ಮುಚ್ಚಳ ಮುಚ್ಚಿದೆ, ವೈರ್ ಚುಚ್ಚಿದೆ, ಗುಳ್ಳೆ ಏಳುವುದನ್ನು ನೋಡಿದೆ. ಗುಳ್ಳೆ ಎದ್ದರೆ ಕರೆಂಟ್ ಹರಿಯುತ್ತಿದೆ ಅಂತ. ಸಮಾಧಾನವಾಗಿ ಟೀ ಕುಡಿಯಲು ಹೋದೆವು. ಬಂದು ನೋಡಿದರೆ ಜೆಲ್ ಖಾಲಿ. ಸ್ಯಾಂಪಲ್ ಜೊತೆ ಬೆರೆಸಿದ್ದ ನೀಲಿ ಡೈಯೂ ಇಲ್ಲ. ಗುಂಡಿಗಳ ಹಿಂದೆ, ಜೆಲ್ ಮುಳುಗಿಸಿಡುವ ಬಫರ್ ಎಂಬ ದ್ರವದಲ್ಲಿ, ತೆಳ್ಳಗೆ ಒಂದು ನೀಲಿ ಮಬ್ಬು. ಕೆಂಪು ವೈರನ್ನು ಕಪ್ಪಿನ ಜಾಗಕ್ಕೆ ಚುಚ್ಚಿದ್ದೆ. ಆ ವಾರದ ಡಿಎನ್‌ಎ ಪೂರ್ತಿ ಹಿಂದಕ್ಕೆ ಓಡಿ ಬಫರ್ ಪಾಲಾಗಿತ್ತು. ಮೇಡಂ ಬೈಯಲಿಲ್ಲ. ರೆಕಾರ್ಡ್ ಬುಕ್‌ನಲ್ಲಿ ಆದದ್ದನ್ನು ಆದ ಹಾಗೇ ಬರಿ ಅಂದರು. ಅದೇ ಜಾಸ್ತಿ ನಾಚಿಕೆಯಾಯಿತು. ಮುಂದಿನ ವಾರ ಅಲ್ಟ್ರಾವಯೊಲೆಟ್ ಬೆಳಕಿನಲ್ಲಿ ಕಿತ್ತಳೆ ಬಣ್ಣದ ಗೆರೆಗಳು ಹೊಳೆದಾಗ ಎಣಿಸಿದೆ. ಆರು. ಉಳಿದೆರಡು ತೀರಾ ಚಿಕ್ಕವು, ಮಸುಕಾಗಿ ಹೋಗಿದ್ದವು.

ಪಿಸಿಆರ್ ಅಂದರೆ ಡಿಎನ್‌ಎ ತುಣುಕನ್ನು ಟ್ಯೂಬಿನಲ್ಲೇ ನಕಲು ಮಾಡಿ ಹೆಚ್ಚಿಸುವ ವಿಧಾನ. ಆ ಪಾಠ ನನಗೆ ಹಿಡಿಸಿದ್ದು ಅದರ ಹಿಂದಿನ ಕಥೆಯಿಂದ. ಒಂದು ತುಣುಕು ಎರಡಾಗಿ, ಎರಡು ನಾಲ್ಕಾಗಿ, 30 ಸುತ್ತಿಗೆ ಲೆಕ್ಕದಲ್ಲಿ 107 ಕೋಟಿ ದಾಟುತ್ತದೆ. ಪ್ರತಿ ಸುತ್ತಿನಲ್ಲೂ ಟ್ಯೂಬನ್ನು 95 ಡಿಗ್ರಿಯವರೆಗೆ ಕಾಯಿಸಬೇಕು. ನಕಲು ಮಾಡುವ ಮಾಮೂಲಿ ಎನ್‌ಜೈಮ್ ಅಷ್ಟು ಬಿಸಿಗೆ ಕೆಟ್ಟುಹೋಗುತ್ತದೆ, ಹಾಗಾಗಿ ಮೊದಮೊದಲು ಸುತ್ತಿಗೊಮ್ಮೆ ಹೊಸದಾಗಿ ಹಾಕುತ್ತಿದ್ದರಂತೆ. ಬಿಸಿ ತಡೆಯುವ ಎನ್‌ಜೈಮ್ ಸಿಕ್ಕಿದ್ದು ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರಿನ ಬುಗ್ಗೆಯ ಒಂದು ಬ್ಯಾಕ್ಟೀರಿಯಾದಲ್ಲಿ. ಅದನ್ನು ಬೆಳೆಸಿ 1969ರಲ್ಲಿ ಪ್ರಕಟಿಸಿದವರು ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್. ಫ್ರೀಜ್ ಆ ಕೆಲಸ ಮಾಡುವಾಗ ನಮ್ಮ ಹಾಗೆ ಡಿಗ್ರಿ ಓದುತ್ತಿದ್ದ ಹುಡುಗ! ಕುದಿಯುವ ನೀರಿನ ಪಕ್ಕ ಫ್ರೀಜ್ ಅನ್ನುವ ಹೆಸರು. ವೈವಾದಲ್ಲಿ ಯಾರೂ ಇದನ್ನು ಕೇಳಲಿಲ್ಲ, ಕೇಳಿದ್ದರೆ ಚೆನ್ನಾಗಿ ಹೇಳುತ್ತಿದ್ದೆ.

ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನಾನು ನಮ್ಮ ಹೊಲದ ರಾಗಿಯನ್ನೇ ತಂದೆ. ಜಿಪಿಯು-28 ತಳಿ. ಇದರ ವಂಶದಲ್ಲಿ ಇಂಡಾಫ್-5 ಇದೆ. ಇಂಡಾಫ್ ಅಂದರೆ ಇಂಡಿಯಾ ಮತ್ತು ಆಫ್ರಿಕಾ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಎರಡೂ ಕಡೆಯ ರಾಗಿಗಳನ್ನು ಕೂಡಿಸಿ ತೆಗೆದ ತಳಿಗಳವು. ತಾತ ಇಂಡಾಫ್ ಬೆಳೆದವರು. ಅದೊಂದು ಕಂಪನಿಯ ಹೆಸರು ಅಂತ ನಾನು ಪಿಯುಸಿವರೆಗೆ ಅಂದುಕೊಂಡಿದ್ದೆ.

ಪ್ರಾಜೆಕ್ಟ್ ಏನೂ ದೊಡ್ಡದಲ್ಲ. ಗಿಡಗಳನ್ನು ಗುರುತಿಸಲು ಬಳಸುವ ಆರ್‌ಬಿಸಿಎಲ್ ಎಂಬ ಕ್ಲೋರೋಪ್ಲಾಸ್ಟ್ (ಎಲೆಯ ಜೀವಕೋಶದೊಳಗಿನ ಹಸಿರು ಕಣ) ಜೀನಿನ ಒಂದು ತುಂಡನ್ನು ರಾಗಿ ಎಲೆಯಿಂದ ತೆಗೆದು ಅದರ ಅಕ್ಷರಗಳನ್ನು ಓದಿಸುವುದು. ಎಲೆ ಅರೆಯಲು ಲಿಕ್ವಿಡ್ ನೈಟ್ರೋಜನ್ ಇರಲಿಲ್ಲ. ಕಲ್ಲಿನ ಕುಟ್ಟಾಣಿಯನ್ನು ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು ಬೆಳಿಗ್ಗೆ ಅರೆದೆ. ಮೊದಲೆರಡು ಸಲ ಕಂದು ಬಣ್ಣದ ಅಂಟು ಬಂತು. ಮೂರನೇ ಸಲ ಎಳೆ ಎಲೆ ತಂದೆ, ಸರಿಹೋಯಿತು. ಪಿಸಿಆರ್ ಮೆಷಿನ್ ಇಡೀ ಡಿಪಾರ್ಟ್‌ಮೆಂಟಿಗೆ ಒಂದೇ. ನನ್ನ ಸರದಿ ಬಂದದ್ದು ಹತ್ತು ದಿನದ ಮೇಲೆ. ಜೆಲ್ ಮೇಲೆ 600 ಅಕ್ಷರದ ಉದ್ದದ ಹತ್ತಿರ ಒಂದೇ ಒಂದು ಗೆರೆ. ವೈರನ್ನು ಮೂರು ಸಲ ನೋಡಿ ಚುಚ್ಚಿದ್ದೆ.

ಸ್ಯಾಂಪಲ್ ಬೆಂಗಳೂರಿಗೆ ಹೋಯಿತು, ಮೇಲ್‌ನಲ್ಲಿ ಅಕ್ಷರಗಳು ಬಂದವು. ಎ, ಟಿ, ಜಿ, ಸಿ. ಜೊತೆಗೆ ನಾಲ್ಕು ಬಣ್ಣದ ಏರಿಳಿತದ ಗೆರೆಗಳು. ಶುರುವಿನ ಮೂವತ್ತು ನಲವತ್ತು ಅಕ್ಷರ ಕಲಸುಮೇಲೋಗರ, ಕತ್ತರಿಸಿ ಹಾಕಬೇಕು. ಉಳಿದದ್ದನ್ನು, ಈಗಾಗಲೇ ಗೊತ್ತಿರುವ ಡಿಎನ್‌ಎಗಳಲ್ಲಿ ಹೋಲುವುದನ್ನು ಹುಡುಕುವ ಬ್ಲಾಸ್ಟ್ ಎಂಬ ಪ್ರೋಗ್ರಾಂಗೆ ಹಾಕಿದೆ. ಆ ಸಂಜೆ ಅಪ್ಪನಿಗೆ ಫೋನ್ ಮಾಡಿ "ಅಪ್ಪ, ನಮ್ಮ ರಾಗಿ ಬ್ಲಾಸ್ಟ್ ಮಾಡಿದೆ" ಅಂದೆ. ಆ ಕಡೆ ಒಂದು ಕ್ಷಣ ಮಾತಿಲ್ಲ. "ಜಿಪಿಯು-28ಕ್ಕೂ ಬಂದ್ಬುಡ್ತಾ?" ರಾಗಿಗೆ ಬರುವ ಬೆಂಕಿ ರೋಗಕ್ಕೂ ಇಂಗ್ಲಿಷಿನಲ್ಲಿ ಬ್ಲಾಸ್ಟ್ ಅಂತಲೇ ಹೆಸರು. ಈ ತಳಿ ಅದನ್ನು ತಡೆಯುತ್ತದೆ ಅಂತಲೇ ಅಪ್ಪ ಹಾಕಿದ್ದು.

ಉತ್ತರ ಏನು ಬಂತು ಅಂದರೆ, ಇದು ರಾಗಿ, 100 ಪ್ರತಿಶತ. ಅದರ ಕೆಳಗೇ ಇನ್ನೊಂದು ಹೆಸರು, ಎಲುಸೈನ್ ಇಂಡಿಕಾ. ಅದೂ 100 ಪ್ರತಿಶತ. ಹುಡುಕಿದರೆ ಅದು ರಾಗಿ ಹೊಲದಲ್ಲಿ ಏಳುವ ಕಳೆ ಹುಲ್ಲು.

ಏನೋ ತಪ್ಪು ಮಾಡಿದ್ದೇನೆ ಅಂತಲೇ ಮೊದಲು ಅನ್ನಿಸಿತು. ಮೇಡಂ ನಕ್ಕರು. ರಾಗಿಗೆ 36 ಕ್ರೋಮೋಸೋಮ್, ಆ ಕಳೆಗೆ 18. ಬಹಳ ಹಿಂದೆ ಆಫ್ರಿಕಾದಲ್ಲಿ ಎರಡು ಹುಲ್ಲುಗಳು ಕೂಡಿ, ಎರಡರ ಕ್ರೋಮೋಸೋಮ್‌ಗಳೂ ಪೂರ್ತಿ ಉಳಿದು ರಾಗಿಯ ವಂಶ ಶುರುವಾಯಿತು. ಅದರಲ್ಲಿ ತಾಯಿಯ ಕಡೆಯದ್ದು ಈ ಕಳೆ. ಕ್ಲೋರೋಪ್ಲಾಸ್ಟ್ ಬರುವುದು ತಾಯಿಯಿಂದ. ನಾನು ಓದಿಸಿದ್ದು ಕ್ಲೋರೋಪ್ಲಾಸ್ಟ್ ಜೀನು. ಅಂದಮೇಲೆ ತಾಯಿ ಮಗಳ ಅಕ್ಷರ ಒಂದೇ ಇರುವುದರಲ್ಲಿ ಆಶ್ಚರ್ಯ ಏನಿದೆ? ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 2017ರಲ್ಲಿ ಎಂಎಲ್-365 ತಳಿಯ ರಾಗಿಯ ಜೀನೋಮ್, ಅಂದರೆ ಒಟ್ಟು ಡಿಎನ್‌ಎಯ ಓದು, ಪ್ರಕಟಿಸಿದ್ದಾರೆ, ಸುಮಾರು 119 ಕೋಟಿ ಅಕ್ಷರ. ಅದರ ಮುಂದೆ ನನ್ನ ಆರುನೂರು ಅಕ್ಷರ ಯಾವ ಲೆಕ್ಕ. ಆದರೂ ನಮ್ಮ ಹೊಲದ್ದು ಅಲ್ವಾ, ಪ್ರಿಂಟ್ ತೆಗೆದು ಊರಿಗೆ ಒಯ್ದೆ.

ಅಜ್ಜಿ ಹೊಲದಲ್ಲಿ ಕಳೆ ಕೀಳುತ್ತಿದ್ದರು. ಏನ್ ಕಂಡ್ತವ್ವ ಅಂದರು. ಹಾಳೆ ತೋರಿಸಿ, ರಾಗೀನೂ ಆ ಕಳೇನೂ ಒಂದೇ ಅಂತ ಬಂದಿದೆ ಅಜ್ಜಿ ಅಂದೆ.

"ಒಂದೇನಾ? ಹಂಗಾರೆ ಕೀಳೋದು ಬ್ಯಾಡ್ವಾ?" ಕುಕ್ಕರುಗಾಲಲ್ಲಿ ಕೂತು ಎರಡು ಪೈರು ಪಕ್ಕ ಪಕ್ಕ ಹಿಡಿದು ತೋರಿಸಿದರು. ನನಗೆ ಎರಡೂ ಒಂದೇ ಥರ ಹಸಿರು. "ಬುಡ ನೋಡವ್ವ. ಇದು ಚಪ್ಪಟೆ, ಬೆಳ್ಳಗದೆ. ರಾಗಿ ಎದ್ದು ನಿಂತ್ಕತದೆ, ಇದು ಕಾಲ್ ಚಾಚ್ಕೊಂಡು ಕೂತ್ಕತದೆ." ಬೆರಳಿಂದ ಮುಟ್ಟಿ ನೋಡಿದೆ. ಬುಡ ನಿಜಕ್ಕೂ ಚಪ್ಪಟೆ.

ಕಿತ್ತ ಕಳೆಯಲ್ಲಿ ಒಂದನ್ನು ತೆಗೆದುಕೊಂಡು ಒದ್ದೆ ಪೇಪರ್‌ನಲ್ಲಿ ಸುತ್ತಿದೆ. ಕ್ಲೋರೋಪ್ಲಾಸ್ಟ್ ಬಿಟ್ಟು ನ್ಯೂಕ್ಲಿಯಸ್ಸಿನ ಒಂದು ಜೀನ್ ನೋಡೋಣ ಅಂತ ಮೇಡಂ ಹೇಳಿದ್ದರು. ಡಿಗ್ರಿ ಮುಗಿದಿದೆ, ರಿಸಲ್ಟ್ ಇನ್ನೂ ಬಂದಿಲ್ಲ. ಎಲೆ ಡಿಪಾರ್ಟ್‌ಮೆಂಟಿನ ಫ್ರೀಜರ್‌ನಲ್ಲಿದೆ. ಟ್ಯೂಬಿನ ಮೇಲೆ ಮಾರ್ಕರ್‌ನಲ್ಲಿ ಕನ್ನಡದಲ್ಲೇ ಬರೆದಿದ್ದೇನೆ: ಕಳೆ, ಅಜ್ಜಿ-1.