ಪಿಟೀಲನ್ನು ಕಳುಹಿಸುವ ಮುನ್ನ

ಕಳೆದ ವಾರ ನನ್ನ ಹಳೆಯ ಪಿಟೀಲನ್ನು ಪಾರ್ಸೆಲ್‌ನಲ್ಲಿ ಕಳುಹಿಸಬೇಕಾಗಿ ಬಂದಾಗ ಮೊದಲು ಕೈ ಹೋದದ್ದು ತಂತಿ ಬಿಗಿಸುವ ಬಿರಡೆಗಳಿಗೆ. ತಂತಿಗಳನ್ನು ಪೂರ್ತಿ ಸಡಿಲಿಸುವುದೇ ಕ್ಷೇಮವೆಂದು ತೋರಬಹುದು. ಆದರೆ ತಂತಿಗಳನ್ನು ಎತ್ತಿ ಹಿಡಿಯುವ, ‘ಕುದುರೆ’ ಎಂದು ಕರೆಯುವ ಮೇಲಿನ ಮರದ ತುಂಡನ್ನೂ, ಒಡಲೊಳಗೆ ಅಂಟಿಲ್ಲದೆ ನಿಂತಿರುವ ಪುಟ್ಟ ಮರದ ಕಡ್ಡಿಯನ್ನೂ ಸ್ಥಾನದಲ್ಲಿ ಹಿಡಿದಿಡುವುದು ತಂತಿಗಳ ಬಿಗಿತವೇ ಆದ್ದರಿಂದ, ಒಂದೆರಡು ಸ್ವರಗಳಷ್ಟು ಇಳಿಸಿದರೆ ಸಾಕು. ಹಿಂದೊಮ್ಮೆ ಅತಿ ಜಾಣತನದಿಂದ ನಾಲ್ಕನ್ನೂ ಸಡಿಲಿಸಿ, ಆ ಕಡ್ಡಿ ಒಳಗೆ ಕಟಕಟನೆ ಉರುಳಾಡುವುದನ್ನು ಕೇಳಿದವನು ನಾನು.

ಕುದುರೆ ಬಿದ್ದರೂ ಮೇಲ್ಮೈ ಗೀರದಂತೆ ತಂತಿಗಳ ಅಡಿಯಲ್ಲಿ, ಕುದುರೆಯ ಎರಡೂ ಬದಿಗೆ ಮೆತ್ತನೆಯ ಬಟ್ಟೆಯನ್ನು ಮಡಿಸಿಟ್ಟೆ. ಕಮಾನಿನ ಕೂದಲನ್ನು ಸಡಿಲಿಸಿದೆ. ರಾಳದ ಬಿಲ್ಲೆಯನ್ನು ಬೇರೆಯಾಗಿ ಸುತ್ತಿದೆ.

ಗಟ್ಟಿ ಕೇಸಿನೊಳಗೆ ವಾದ್ಯ ಅಲುಗದಂತೆ, ಮುಖ್ಯವಾಗಿ ಕುತ್ತಿಗೆಗೆ ಕೆಳಗಿನಿಂದ ಆಧಾರ ಸಿಗುವಂತೆ ನೋಡಿಕೊಂಡು, ಕೇಸನ್ನು ಎಲ್ಲ ಬದಿಗೂ ಸುಮಾರು 5 ಸೆಂಟಿಮೀಟರ್ ಜಾಗ ಉಳಿಯುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಆ ಜಾಗವನ್ನು ಉಂಡೆಗಟ್ಟಿದ ಕಾಗದದಿಂದ ಒತ್ತಾಗಿ ತುಂಬಿದೆ. ಅಲ್ಲಾಡಿಸಿದಾಗ ಸದ್ದು ಬಂದಿತು. ಬಿಚ್ಚಿ, ಇನ್ನಷ್ಟು ಕಾಗದ ತುರುಕಿ, ಮತ್ತೆ ಅಂಟಿಸಿದೆ.